ಏಳಾನೆ ಆಳ, ಅಂಬಾರಿ ಸಮೇತ

ಖಾಕಿ ಟೊಪ್ಪಿ ಹಾಕಿಕೊಂಡು, ಕೊರಳಿಗೊಂದು ದುರ್ಬೀನು ಇಳಿಬಿಟ್ಟುಕೊಂಡು ಕೆರೆ ಏರಿಯ ಮೇಲೆ ನಡೆಯುವವರು ಯಾರೇ ಇರಲಿ, ಜನ ಅವರನ್ನು ಸರ್ಕಾರದ ಕಡೆಯವರೆಂದೇ ತೀರ್ಮಾನಿಸುತ್ತಾರೆ. ಟೊಪ್ಪಿ ಬಿಸಿಲಿಗೆಂದು ಮಗಳು ಕೊಡಿಸಿದ್ದು. ದುರ್ಬೀನು ಹಕ್ಕಿ ನೋಡುವುದಕ್ಕೆ. ಎರಡೂ ಸೇರಿ ನನ್ನನ್ನು ಮೈಸೂರಿನ ಕುಕ್ಕರಹಳ್ಳಿ ಕೆರೆಯ ವಿಚಾರಣಾ ಕೌಂಟರ್ ಮಾಡಿಬಿಟ್ಟಿವೆ. ನಾನು ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ‘ಏನಾದರೂ ಸಂದೇಹವಿದ್ದರೆ ಕೇಳಿ’ ಎಂದರೆ ನಲವತ್ತು ತಲೆಗಳು ಒಟ್ಟಿಗೆ ಡೆಸ್ಕಿನ ಕೆಳಗೆ ಪೆನ್ಸಿಲ್ ಹುಡುಕುತ್ತಿದ್ದವು. ಆ ಬಾಕಿಯನ್ನೆಲ್ಲ ಈಗ ಪ್ರವಾಸಿಗರು ಬಡ್ಡಿ ಸಮೇತ ತೀರಿಸುತ್ತಿದ್ದಾರೆ.

ಶೌಚಾಲಯ ಎಲ್ಲಿದೆ ಎಂಬ ಪ್ರಶ್ನೆಯನ್ನು ಬದಿಗಿಟ್ಟರೆ ಎಲ್ಲರಿಗೂ ಮೊದಲು ಬೇಕಾಗುವುದು ಆಳ. “ಕೆರೆ ಎಷ್ಟು ಆಳ ಮೇಡಂ?” ಕೇಳುವವರ ಮುಖದಲ್ಲಿ ಭಯಪಡಲು ಸಿದ್ಧರಾಗಿ ಬಂದವರ ಉತ್ಸಾಹ ಕಾಣುತ್ತದೆ. ನನಗೋ ಹಳೆಯ ಚಾಳಿ. “ಎಲ್ಲಿ?” ಎಂದು ಮರುಪ್ರಶ್ನೆ ಹಾಕುತ್ತೇನೆ. ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿದರೆ ನೀರು ಹಿಂದಕ್ಕೆ ಹರಡಿಕೊಳ್ಳುತ್ತದೆ. ಏರಿಯ ಬುಡದಲ್ಲಿ ಆಳ, ಹಿನ್ನೀರಿನ ಕಡೆಗೆ ಹೋದಂತೆ ಎದೆಮಟ್ಟ, ಮೊಣಕಾಲುಮಟ್ಟ, ಕೊನೆಗೆ ಚಪ್ಪಲಿ ಕಚ್ಚಿಕೊಳ್ಳುವ ಕೆಸರು. ಮಳೆಗಾಲದ ಲೆಕ್ಕ ಬೇರೆ, ಏಪ್ರಿಲ್ ತಿಂಗಳ ಲೆಕ್ಕ ಬೇರೆ. ವರ್ಷವರ್ಷವೂ ಬಂದು ಕೂರುವ ಹೂಳು ಅದರಲ್ಲೂ ಕತ್ತರಿ ಹಾಕುತ್ತದೆ. ಹೂಳಿನವರೆಗೆ ಬರುವಷ್ಟರಲ್ಲಿ ಕೇಳಿದವರು ಸೆಲ್ಫಿಗೆ ನಿಂತಿರುತ್ತಾರೆ.

ನನ್ನ ದುರದೃಷ್ಟಕ್ಕೆ ಪಕ್ಕದ ಬೆಂಚಿನಲ್ಲಿ ಒಬ್ಬ ಯಜಮಾನರು ಕೂರುತ್ತಾರೆ. ಇಸ್ತ್ರಿ ಮಾಡಿದ ಬಿಳಿ ಪಂಚೆ, ತೊಡೆಯ ಮೇಲೆ ಕಡಲೆಕಾಯಿ ಪೊಟ್ಟಣ. ಅವರಿಗೆ ಟೊಪ್ಪಿಯೂ ಇಲ್ಲ, ದುರ್ಬೀನೂ ಇಲ್ಲ, ಸಂದೇಹವಂತೂ ಮೊದಲೇ ಇಲ್ಲ.

“ಏಳಾನೆ ಆಳ” ಎನ್ನುತ್ತಾರೆ, ಸಿಪ್ಪೆ ಬಿಡಿಸುತ್ತಾ.

ಜನ ತಕ್ಷಣ ಅವರ ಕಡೆ ತಿರುಗುತ್ತಾರೆ. ಒಮ್ಮೆ ಒಬ್ಬ ಹುಡುಗ, “ದಸರಾ ಆನೆಗಳೇ ತಾತ?” ಎಂದು ಕೇಳಿದ. ಯಜಮಾನರು ಒಂದು ಕ್ಷಣವೂ ತಡವರಿಸಲಿಲ್ಲ. “ದಸರಾ ಆನೆಗಳೇ ಮರಿ. ಅಂಬಾರಿ ಸಮೇತ.”

ನಾನು ಸುಮ್ಮನಿರಬಹುದಿತ್ತು. ಆದರೆ ಕಪ್ಪುಹಲಗೆಯ ಮುಂದೆ ಕೂದಲು ನರೆಸಿಕೊಂಡವರಿಗೆ ಅದು ಸಾಧ್ಯವೇ? ಆನೆಯೊಂದಕ್ಕೆ ಮೂರು ಮೀಟರಿಗೆ ತುಸು ಕಡಿಮೆ ಎಂದು ಹಿಡಿದರೂ ಏಳಕ್ಕೆ 20 ಮೀಟರ್ ಆಗುತ್ತದೆ, ಅಷ್ಟು ನೀರು ನಿಲ್ಲಬೇಕಾದರೆ ಆರಂತಸ್ತಿನ ಕಟ್ಟಡದಷ್ಟು ಎತ್ತರದ ಏರಿ ಬೇಕು, ಆ ಏರಿ ಎಲ್ಲಿದೆ ತೋರಿಸಿ ಎಂದು ಅಲ್ಲೇ ಲೆಕ್ಕ ಒಪ್ಪಿಸಿದೆ. ಅಂಬಾರಿಯ ಎತ್ತರವನ್ನು ಉದಾರವಾಗಿ ಬಿಟ್ಟುಕೊಟ್ಟಿದ್ದೆ. ಹುಡುಗನ ತಾಯಿ ನನ್ನನ್ನು ನೋಡಿದ ರೀತಿ ಹೇಗಿತ್ತೆಂದರೆ, ಮಗುವಿನ ಕೈಯಿಂದ ಆ ಏಳೂ ಆನೆಗಳನ್ನು ನಾನೇ ಕಿತ್ತುಕೊಂಡಂತಿತ್ತು.

ಆಳದ ನಂತರ ಬರುವ ಪ್ರಶ್ನೆ, “ಇದು ನೈಸರ್ಗಿಕವೇ?” ಇದನ್ನು ಕೇಳುವವರು ಹೆಚ್ಚಾಗಿ ಬೆಂಗಳೂರಿನವರು. ವಾರಾಂತ್ಯಕ್ಕೆ ಪೆಟ್ರೋಲ್ ಸುಟ್ಟುಕೊಂಡು ನಿಸರ್ಗ ನೋಡಲು ಬಂದಿರುತ್ತಾರೆ. ಇಲ್ಲ, ಇದನ್ನು 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ್ದು, ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸಲು ಎಂದರೆ ಮುಖ ಸಪ್ಪಗಾಗುತ್ತದೆ. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಕಣ್ಣೆದುರಿಗೇ ತೇಲುತ್ತ ಹಾರುತ್ತ ಇದ್ದರೂ, ಹಾಗಾದರೆ ಇವೂ ಕಟ್ಟಿಸಿದವೇ ಎಂಬಂತೆ ಅನುಮಾನದಿಂದ ನೋಡುತ್ತಾರೆ.

ನಿಜ ಹೇಳಬೇಕೆಂದರೆ ನಮ್ಮ ಬಯಲುಸೀಮೆಯಲ್ಲಿ ಸ್ವಾಭಾವಿಕ ಸರೋವರ ಹುಡುಕುವುದೇ ಕಷ್ಟ. ಸರೋವರ ತಾನಾಗಿ ಹುಟ್ಟಬೇಕಾದರೆ ಭೂಮಿಗೆ ಏನಾದರೂ ಅವಘಡವಾಗಬೇಕು. ಹಿಮನದಿ ನೆಲವನ್ನು ಕೆರೆದು ಹೋಗಬೇಕು, ಜ್ವಾಲಾಮುಖಿ ಬಾಯಿ ತೆರೆದು ತಣ್ಣಗಾಗಬೇಕು, ರಷ್ಯಾದ ಬೈಕಾಲ್‌ನಲ್ಲಿ ಆದಂತೆ ನೆಲವೇ ಬಿರಿಯಬೇಕು, ಮಹಾರಾಷ್ಟ್ರದ ಲೋಣಾರ್‌ನಂತೆ ಆಕಾಶದಿಂದ ಉಲ್ಕೆ ಬಂದು ಅಪ್ಪಳಿಸಬೇಕು. ಮೈಸೂರು ಪ್ರಸ್ಥಭೂಮಿ ಬಹಳ ಹಳೆಯ ಕಲ್ಲು, ಸವೆದು ಸವೆದು ಸಮಾಧಾನಕ್ಕೆ ಬಂದಿರುವ ನೆಲ. ಬಿದ್ದ ಮಳೆ ಇಳಿಜಾರು ನೋಡಿಕೊಂಡು ನದಿ ಸೇರಿಬಿಡುತ್ತದೆ. ಅದನ್ನು ಅಡ್ಡಗಟ್ಟಿ ನಿಲ್ಲಿಸಿದವರು ನಮ್ಮ ಹಿರಿಯರು. ಏರಿ ಕಟ್ಟಿದರು, ಬೇಕಾದಾಗ ನೀರು ಬಿಡಲು ತೂಬು ಇಟ್ಟರು, ಹೆಚ್ಚಾದದ್ದು ಹರಿಯಲು ಕೋಡಿ ಬಿಟ್ಟರು, ಆ ಕೋಡಿಯ ನೀರು ಕೆಳಗಿನ ಮತ್ತೊಂದು ಕೆರೆಗೆ ಸೇರುವಂತೆ ಸರಪಳಿ ಜೋಡಿಸಿದರು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳಲು ನೀರುಗಂಟಿಯನ್ನು ನೇಮಿಸಿದರು. ನನ್ನ ಪ್ರಕಾರ ಇದು ಉಲ್ಕೆ ಬೀಳುವುದಕ್ಕಿಂತ ದೊಡ್ಡ ಸಂಗತಿ. ಉಲ್ಕೆಗೆ ಹೂಳೆತ್ತುವ ಜವಾಬ್ದಾರಿ ಇರುವುದಿಲ್ಲ.

ಇದಿಷ್ಟನ್ನೂ ಒಂದು ಟೆಕ್ಕಿ ಗುಂಪಿಗೆ ಹೇಳಿ ಉಸಿರು ತೆಗೆದುಕೊಳ್ಳುತ್ತಿದ್ದಾಗ ಬೆಂಚಿನಿಂದ ದನಿ ಬಂತು: “ಏಷ್ಯಾದಲ್ಲೇ ಎರಡನೆಯದು.”

ನಮ್ಮ ರಾಜ್ಯದ ಕೆರೆಗಳಿಗೆ ಅಂಟಿರುವ ವಿಚಿತ್ರ ಪದವಿ ಇದು. ಚನ್ನಗಿರಿಯ ಶಾಂತಿಸಾಗರಕ್ಕೆ, ಅಂದರೆ ಸೂಳೆಕೆರೆಗೆ, ಹೋದವರು ಇದನ್ನು ಕೇಳಿಯೇ ಬಂದಿರುತ್ತಾರೆ. ಅದು ದೊಡ್ಡ ಕೆರೆ, ಹಳೆಯ ಕೆರೆ, ಯಾರಾದರೂ ನಿಂತು ನೋಡಬೇಕಾದ ಕೆರೆ. ಅದಕ್ಕೆ ಈ ಮಾತು ಸ್ವಲ್ಪವಾದರೂ ಹೊಂದುತ್ತದೆ. ಕುಕ್ಕರಹಳ್ಳಿಗೆ? 1642 ಮೀಟರ್ ಆಳದ ಬೈಕಾಲ್ ಇರುವುದೂ ಏಷ್ಯಾದಲ್ಲೇ ಎಂದು ನಾನು ನೆನಪಿಸಿದೆ. “ಅದಕ್ಕೇ ಎರಡನೆಯದು ಎಂದದ್ದು” ಎಂದರು ಯಜಮಾನರು. ಟೆಕ್ಕಿಗಳು ಅದನ್ನು ಅಲ್ಲಿಯೇ ಇನ್‌ಸ್ಟಾಗ್ರಾಂಗೆ ಏರಿಸಿದರು.

ಹಕ್ಕಿಗಳ ವಿಷಯದಲ್ಲಾದರೂ ನನಗೆ ಗೌರವ ಸಿಗಬಹುದೆಂದು ಎಣಿಸಿದ್ದೆ. ನೀರುಕಾಗೆಗಳು ಒಣಗಿದ ಕೊಂಬೆಯ ಮೇಲೆ ರೆಕ್ಕೆ ಚಾಚಿಕೊಂಡು ಅಲ್ಲಾಡದೆ ನಿಲ್ಲುತ್ತವಲ್ಲ, ಅದನ್ನು ತೋರಿಸಿ ಯೋಗ ಕಲಿಯಲು ಮೈಸೂರಿಗೆ ಬಂದಿದ್ದ ವಿದೇಶಿ ಹುಡುಗಿಯೊಬ್ಬಳು ಇದು ಯಾವ ಆಸನ ಎಂದು ಕೇಳಿದಳು. ಅವಳು ತಮಾಷೆ ಮಾಡುತ್ತಿರಲಿಲ್ಲ. ಬಾತುಕೋಳಿಯ ಗರಿಯಂತೆ ನೀರುಕಾಗೆಯ ಗರಿ ನೀರನ್ನು ಪೂರ್ತಿ ದೂರವಿಡುವುದಿಲ್ಲ, ಗರಿ ನೆನೆಯುವುದರಿಂದಲೇ ಅದಕ್ಕೆ ಮುಳುಗಿ ಮೀನು ಹಿಡಿಯುವುದು ಸುಲಭ, ಮೇಲೆ ಬಂದ ಮೇಲೆ ಒಣಗಿಸಿಕೊಳ್ಳಲೇಬೇಕು ಎಂದು ವಿವರಿಸಿದೆ. ಅವಳು ಗಂಭೀರವಾಗಿ ತಲೆಯಾಡಿಸಿ, ಹಕ್ಕಿಯ ಎದುರಿಗೇ ಕೈ ಚಾಚಿ ಕಣ್ಣು ಮುಚ್ಚಿ ನಿಂತಳು. ಹಿಂದೆ ಬರುತ್ತಿದ್ದ ವಾಯುವಿಹಾರದ ಅಜ್ಜಂದಿರೂ ಏನೋ ಕಾರ್ಯಕ್ರಮವಿರಬೇಕೆಂದು ಸಾಲಾಗಿ ನಿಂತು ಕೈ ಚಾಚಿದರು. ದಾರಿ ಪೂರ್ತಿ ಬಂದ್.

ಹಾವಕ್ಕಿಯ ಪ್ರಕರಣ ಇದಕ್ಕಿಂತ ಕೆಟ್ಟದ್ದು. ಈ ಹಕ್ಕಿ ಈಜುವಾಗ ಮೈಯೆಲ್ಲ ನೀರೊಳಗೆ ಇಳಿಸಿ, ಸಣ್ಣನೆಯ ಉದ್ದ ಕೊರಳನ್ನು ಮಾತ್ರ ಮೇಲಿಟ್ಟು ಅತ್ತಿತ್ತ ಬಳುಕಿಸುತ್ತದೆ. ಒಂದು ತುಂಬು ಕುಟುಂಬ ದಡದ ಕಲ್ಲುಗಳ ಮೇಲೆ ಚಿತ್ರಾನ್ನದ ಡಬ್ಬಿ ಬಿಚ್ಚುತ್ತಿತ್ತು. ಅಜ್ಜಿ ನೀರಿನ ಕಡೆ ನೋಡಿ “ಹಾವು!” ಎಂದು ಕೂಗಿದರು. ನಾನು ಧೈರ್ಯ ತುಂಬಲು ಓಡಿಹೋಗಿ “ಹೆದರಬೇಡಿ, ಹಾವಕ್ಕಿ!” ಎಂದೆ. ಗಲಾಟೆಯಲ್ಲಿ ಅವರ ಕಿವಿಗೆ ಬಿದ್ದದ್ದು ಮೊದಲ ಎರಡಕ್ಷರ ಮಾತ್ರ. ಟೊಪ್ಪಿ ಹಾಕಿದ ಅಧಿಕಾರಿಯೇ ದೃಢಪಡಿಸಿದ ಮೇಲೆ ಕೇಳಬೇಕೇ? ಅಳಿಯ ಅಜ್ಜಿಯನ್ನು, ಅಜ್ಜಿ ಮೊಮ್ಮಗುವನ್ನು, ಮೊಮ್ಮಗು ಹಪ್ಪಳದ ಪೊಟ್ಟಣವನ್ನು ಹಿಡಿದುಕೊಂಡು ಏರಿ ಹತ್ತಿದರು. ದಾರಿಯಲ್ಲಿದ್ದ ನನ್ನನ್ನು ಯಾರೂ ಹಿಡಿದುಕೊಳ್ಳಲಿಲ್ಲ. ಚಿತ್ರಾನ್ನದ ಮೇಲೆ ಕುಳಿತು ನೋಡಿದಾಗ ಹಾವಕ್ಕಿ ಚೂಪು ಕೊಕ್ಕಿಗೆ ಒಂದು ಮೀನು ಚುಚ್ಚಿಕೊಂಡು ಮೇಲೆದ್ದು, ಅದನ್ನು ಗಾಳಿಗೆ ಎಸೆದು, ಬಾಯಿಗೆ ಹಿಡಿದು ನುಂಗಿತು. ಅಷ್ಟು ಹತ್ತಿರದಿಂದ ಆ ದೃಶ್ಯ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ. ಮೊಸಳೆ ಇದೆಯೇ ಎಂದು ಕೇಳುವವರಿಗೆ ಅಂದಿನಿಂದ ಜೋರಾಗಿ ಏನನ್ನೂ ಹೇಳುವುದಿಲ್ಲ. ರಂಗನತಿಟ್ಟಿಗೆ ಹೋಗುವ ದಾರಿಯನ್ನು ಮೆಲ್ಲಗೆ ತಿಳಿಸುತ್ತೇನೆ.

ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಜೋಡಿಗಳ ಪ್ರಶ್ನೆಯೇ ಬೇರೆ. “ನೀರು ಇಷ್ಟು ಹಸಿರಾಗಿರುವುದು ಯಾವ ತಿಂಗಳಿನವರೆಗೆ?” ಅವರಿಗೆ ಅದು ಪಚ್ಚೆಯ ಬಣ್ಣ. ಅದು ಪಾಚಿ. ಯಾವ ಕೆರೆಗೇ ಆಗಲಿ ಚರಂಡಿಯ ನೀರು ಸೇರಿದರೆ ಸಾರಜನಕ, ರಂಜಕ ಎರಡೂ ಬಂದು ಬೀಳುತ್ತವೆ. ಗದ್ದೆಗೆ ಗೊಬ್ಬರ ಹಾಕಿದ ಹಾಗೆ ನೀರೊಳಗಿನ ಸೂಕ್ಷ್ಮ ಪಾಚಿ ಹುಲುಸಾಗಿ ಬೆಳೆಯುತ್ತದೆ. ಇದನ್ನು ಒಬ್ಬ ವರನಿಗೆ ಹೇಳಿದೆ. ಮಂಡಿಯೂರಿ ಗುಲಾಬಿ ಹಿಡಿದಿದ್ದ ಅವನು ಮೂಗು ಮುಚ್ಚಿಕೊಂಡ. ಅಲ್ಲಿಯವರೆಗೆ ವಾಸನೆಯ ಕಡೆ ಅವನ ಗಮನ ಹೋಗಿರಲಿಲ್ಲವಂತೆ. ಛಾಯಾಗ್ರಾಹಕ ನನ್ನನ್ನು ಚೌಕಟ್ಟಿನಿಂದ ಆಚೆ ನಿಲ್ಲಲು ಕೇಳಿಕೊಂಡ.

ಅದೇ ಪಾಚಿಯ ಇನ್ನೊಂದು ಮುಖ ಬೆಳಗಿನ ಜಾವದಲ್ಲಿ ಕಾಣುತ್ತದೆ. ಪಾಚಿ ಹಗಲು ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಉಸಿರಾಡಿ ಖರ್ಚು ಮಾಡುತ್ತದೆ. ಹಾಗಾಗಿ ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತವೆ. “ಮೀನುಗಳು ಏನು ಹೇಳುತ್ತಿವೆ?” ಎಂದು ಒಂದು ಪುಟ್ಟ ಹುಡುಗಿ ಕೇಳಿದಳು. ಉಸಿರು ಕಟ್ಟುತ್ತಿದೆ ಎನ್ನುತ್ತಿವೆ ಮಗು ಎಂದು ಹೇಳಲು ಆ ದಿನ ಬಾಯಿ ಬರಲಿಲ್ಲ. ಯಜಮಾನರು “ಸುಪ್ರಭಾತ” ಎಂದರು. ನಾನು ತಿದ್ದಲಿಲ್ಲ.

ಬೆಂಗಳೂರಿನಿಂದ ಬರುವ ನನ್ನ ಚಿಕ್ಕಪ್ಪನ ಮಗನಿಗೆ ಮಾತ್ರ ನಮ್ಮ ಕೆರೆಯ ಬಗ್ಗೆ ಕನಿಕರ. ಅವನ ಅಪಾರ್ಟ್‌ಮೆಂಟ್ ಬೆಳ್ಳಂದೂರು ಕೆರೆಯ ಕಡೆಗಿದೆ. ನೋಟಕ್ಕೆಂದೇ ಹೆಚ್ಚು ದುಡ್ಡು ಕೊಟ್ಟಿದ್ದಾನೆ. ಮಾರ್ಜಕದ ನೀರು ಸೇರಿ ಎದ್ದ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದದ್ದನ್ನು ಕಾಶ್ಮೀರ ಕಂಡವನಂತೆ ವರ್ಣಿಸುತ್ತಾನೆ. “ನಿಮ್ಮದರಲ್ಲಿ ಬೆಂಕಿ ಬರುವುದಿಲ್ಲವೇ?” ಎಂದು ಕೇಳಿದ. ಅವನ ಪ್ರಶ್ನೆ ಸುಳ್ಳಲ್ಲ. 2015ರಲ್ಲಿ ಅಲ್ಲಿನ ನೊರೆಗೆ ಬೆಂಕಿ ಹತ್ತಿತ್ತು. 2018ರ ಜನವರಿಯಲ್ಲಿ ಬೆಂಕಿ ಆರಿಸಲು ಸೈನಿಕರೂ ಬರಬೇಕಾಯಿತು. ನಮ್ಮದರಲ್ಲಿ ಬರೀ ನೀರು ಎಂದೆ, ಸಂಕೋಚದಿಂದ. ಪ್ರತಿಯಾಗಿ, ಅವನು ಮೈಸೂರು ಬಸ್ ಹತ್ತುವ ಮೆಜೆಸ್ಟಿಕ್ ಪ್ರದೇಶ ಧರ್ಮಾಂಬುಧಿ ಕೆರೆಯಾಗಿತ್ತು, ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಜಾಗದಲ್ಲಿ ಎಂದು ಹೇಳಿ ನೋಡಿದೆ. “ಅದಕ್ಕೇ ಮಳೆ ಬಂದರೆ ಅಷ್ಟು ನೀರು” ಎಂದು ಮೆಚ್ಚಿಕೊಂಡ, ಕೆರೆಯೇ ಹಳೆಯ ವಿಳಾಸ ಹುಡುಕಿಕೊಂಡು ಬರುತ್ತಿದೆ ಎಂಬ ಸಂಭ್ರಮದಲ್ಲಿ.

ಬೆಂಕಿಯ ಮಾತು ಬಂದದ್ದೇ ತಪ್ಪಾಯಿತು. ದಡದ ಹತ್ತಿರ ನೀರಿನಿಂದ ಗುಳುಗುಳು ಗುಳ್ಳೆ ಏಳುತ್ತಿದ್ದುದನ್ನು ಅವನೇ ತೋರಿಸಿ ಇದೇನು ಎಂದ. ತಳದ ಕೆಸರಿನಲ್ಲಿ ಎಲೆ, ಜೊಂಡು, ಸತ್ತ ಪಾಚಿ ಗಾಳಿಯಿಲ್ಲದೆ ಕೊಳೆತಾಗ ಮೀಥೇನ್ ಹುಟ್ಟುತ್ತದೆ, ಅಡುಗೆಗೆ ಉರಿಸುವ ಗೋಬರ್ ಗ್ಯಾಸಿನಲ್ಲಿರುವುದೂ ಅದೇ ಎಂದು ನಾನು ವಿವರಿಸಿದೆ. ಬೆಂಚಿನ ಮೇಲೆ ಕಡಲೆಕಾಯಿ ಬಿಡಿಸುವ ಸದ್ದು ನಿಂತಿತು. ನನ್ನ ಮಾತನ್ನು ಯಜಮಾನರು ಮೊದಲ ಬಾರಿಗೆ ಕಿವಿಗೊಟ್ಟು ಕೇಳುತ್ತಿದ್ದರು. ನನಗೆ ಗೆದ್ದ ಹೆಮ್ಮೆ.

ಮುಂದಿನ ವಾರ ಏರಿಯ ಮೇಲೆ ಕಾಲಿಡುವಷ್ಟರಲ್ಲಿ ಸರಸ್ವತೀಪುರದ ಇಬ್ಬರು ಹೆಂಗಸರು ಎದುರಾದರು. ಕೆರೆಯ ಕೆಳಗೆ ಗ್ಯಾಸ್ ಸಿಕ್ಕಿದೆಯಂತೆ, ಏಷ್ಯಾದಲ್ಲೇ ಎರಡನೆಯ ದೊಡ್ಡ ನಿಕ್ಷೇಪವಂತೆ, ಅಕ್ಕಪಕ್ಕದ ಬಡಾವಣೆಗಳಿಗೆ ಪೈಪು ಹಾಕುತ್ತಾರಂತೆ, ಟೊಪ್ಪಿ ಹಾಕಿದ ಮೇಡಂ ಖುದ್ದಾಗಿ ಪರೀಕ್ಷೆ ಮಾಡಿ ಹೇಳಿದ್ದಾರಂತೆ. ಅರ್ಜಿಗೆ ಆಧಾರ್ ಕಾರ್ಡ್ ಒಂದೇ ಸಾಕೋ, ಪಡಿತರ ಚೀಟಿಯ ನಕಲೂ ಬೇಕೋ ಎಂಬುದು ಅವರ ಪ್ರಶ್ನೆ.