ಶರಾವತಿಯ ಕರೆಂಟಿಗಾಗಿ ಗುಡ್ಡಗಳಲ್ಲಿ ಮತ್ತೆ ಕಾಡು ಬೆಳೆಸಬೇಕೇ?

ಪರ

ಶರಾವತಿ ವಿದ್ಯುದಾಗಾರಕ್ಕೆ ನೀರು ಇಳಿಯುವುದು 400 ಮೀಟರಿಗೂ ಹೆಚ್ಚು ಎತ್ತರದಿಂದ. ಸಾವಿರ ಲೀಟರ್ ಇಳಿದರೆ ಹೆಚ್ಚುಕಮ್ಮಿ ಒಂದು ಯೂನಿಟ್ ಕರೆಂಟು. 1035 ಮೆಗಾವಾಟಿನ ಈ ಕೇಂದ್ರಕ್ಕೆ ಲಿಂಗನಮಕ್ಕಿ ಜಲಾಶಯವೇ ಆಧಾರ, ಲಿಂಗನಮಕ್ಕಿಗೆ ನಾಲ್ಕು ತಿಂಗಳ ಮಳೆ. ಜಲಾಶಯ ತುಂಬಿ ನೀರು 1819 ಅಡಿ ಮುಟ್ಟುವ ವರ್ಷ ಗೇಟು ತೆಗೆಯುತ್ತಾರೆ, ಜೋಗ ನೋಡಲು ಜನ ಮುಗಿಬೀಳುತ್ತಾರೆ. ನೋಟವೇನೋ ಚೆಂದ. ಆದರೆ ಆ ನೀರು ಶರಾವತಿ ಕೇಂದ್ರದ ಟರ್ಬೈನಿಗೆ ಸಿಗುವುದಿಲ್ಲ. ಅದರಲ್ಲಿ ಒಂದಿಷ್ಟನ್ನು ಗುಡ್ಡವೇ ಹಿಡಿದಿಟ್ಟು ಡಿಸೆಂಬರಿನಲ್ಲಿ ಬಿಟ್ಟರೆ?

ಆ ಕೆಲಸವನ್ನು ಕಾನು, ಅಂದರೆ ಮಲೆನಾಡಿನ ದಟ್ಟ ಹಸಿರು ಕಾಡು, ಮಾಡುತ್ತದೆ. ದರಕಿನ (ಉದುರಿದ ಒಣ ಎಲೆಯ) ಹಾಸು, ಬೇರು ಕೊಳೆತು ಉಳಿದ ಸಂದು, ಎರೆಹುಳು, ಗೆದ್ದಲು ಕೊರೆದ ದಾರಿ ಇದ್ದಲ್ಲಿ ಜಡಿಮಳೆಯೂ ಮಣ್ಣಿಗೆ ಇಳಿಯುತ್ತದೆ. ಬೋಳು ಬೆಟ್ಟದಲ್ಲಿ ಅದೇ ಮಳೆ ಕೆಂಪಾಗಿ ಹಳ್ಳಕ್ಕೆ ಓಡುತ್ತದೆ. ಅಷ್ಟು ದೊಡ್ಡ ಜಲಾಶಯದ ಹೂಳೆತ್ತುವವರು ಯಾರು? ಅಕೇಶಿಯಾ ನೆಟ್ಟು ಕಾಡು ಎನ್ನುವ ಹಳೇ ಆಟ ಮಾತ್ರ ಬೇಡ. ಬೇಲಿ ಹಾಕಿ ಸುಮ್ಮನೆ ಬಿಟ್ಟರೂ ಮಲೆನಾಡಿನಲ್ಲಿ ಹಲವೆಡೆ ಕಾಡು ತಾನೇ ಚಿಗುರುತ್ತದೆ. ಖರ್ಚನ್ನು ವಿದ್ಯುತ್ ನಿಗಮ ಹೊರಲಿ. ಕೋಸ್ಟರಿಕಾದಲ್ಲಿ ಜಲವಿದ್ಯುತ್ ಕಂಪನಿಗಳು 1990ರ ದಶಕದಲ್ಲೇ ಮೇಲಿನ ಕಾಡಿನ ಒಡೆಯರಿಗೆ ಹಣ ಕೊಡಲು ಶುರುಮಾಡಿದವು.

ವಿರೋಧ

ಗೇಟು ತೆಗೆಯುವ ವರ್ಷದ ಲೆಕ್ಕ ಸರಿಯೇ. ಆದರೆ ಕರೆಂಟಿನ ಚಿಂತೆ ಹುಟ್ಟುವುದು ಲಿಂಗನಮಕ್ಕಿ ತುಂಬದ ವರ್ಷ. ಆಗ ನೀರು ಯಾವ ತಿಂಗಳು ಬಂತು ಎನ್ನುವುದಕ್ಕಿಂತ ಒಟ್ಟು ಎಷ್ಟು ಬಂತು ಎನ್ನುವುದು ದೊಡ್ಡದು. ಕೂಡಿಡಲು ಸುಮಾರು 150 ಟಿಎಂಸಿಯ ಜಾಗ ಹೇಗೂ ಇದೆ. ಮರವೂ ನೀರು ಕುಡಿಯುತ್ತದೆ, ಭರದಿಂದ ಬೆಳೆಯುವ ಎಳೆಯ ಕಾಡು ಇನ್ನೂ ಹೆಚ್ಚು. ಎಲೆಯಿಂದ ಸಾವಿರ ಲೀಟರ್ ಆವಿಯಾದರೆ, ಅವರದೇ ಲೆಕ್ಕದಲ್ಲಿ, ಒಂದು ಯೂನಿಟ್ ಹೋಯಿತು. ಕಾಡು ಬಂದರೆ ಇಂಗುವುದು ಹೆಚ್ಚೀತೋ ಆವಿಯಾಗುವುದೋ ಎಂಬುದು ಗುಡ್ಡದಿಂದ ಗುಡ್ಡಕ್ಕೆ ಬೇರೆ.

ಹೂಳಿನ ಮಾತು ಒಪ್ಪಿದೆ. ಅದಕ್ಕೆ ಹಳ್ಳದ ದಂಡೆ, ಕುಸಿದ ಧರೆ, ರಸ್ತೆಗೆಂದು ಕಡಿದ ಗುಡ್ಡ ಇವನ್ನು ಮೊದಲು ನೋಡಬೇಕು.

ಇನ್ನು ಬೇಲಿ. ಅದು ಯಾರ ಮನೆಯ ಹಿಂದೆ ಬೀಳುತ್ತದೆ? ಸೊಪ್ಪು, ದರಕು ತರಲು ತೋಟದವರಿಗೆ ಬಿಟ್ಟ ಸೊಪ್ಪಿನಬೆಟ್ಟದ ದರಕು ಇಲ್ಲದೆ ಕೊಟ್ಟಿಗೆಗೆ ಹಾಸಿಲ್ಲ, ಅಡಿಕೆ ತೋಟಕ್ಕೆ ಗೊಬ್ಬರವಿಲ್ಲ. ಇದೇ ಅಣೆಕಟ್ಟೆಗೆ ಊರು ಬಿಟ್ಟುಕೊಟ್ಟವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ. ಅವರು ಉಳುವ ಎಷ್ಟೋ ಜಮೀನು ಕಾಗದದಲ್ಲಿ ಇನ್ನೂ ಅರಣ್ಯ. ಕಾಡು ಬೆಳೆಸುವ ಯೋಜನೆ ಬಂದಾಗ ನಕ್ಷೆಯಲ್ಲಿ ಮೊದಲು ಹಸಿರು ಬಳಿಯುವುದು ಅಂಥ ಜಮೀನಿಗೇ. ಕೋಸ್ಟರಿಕಾದಲ್ಲಿ ಹಣ ಸಿಕ್ಕಿದ್ದು ಜಮೀನಿನ ಒಡೆಯರಿಗೆ. ಇಲ್ಲಿ ಪಟ್ಟಾ ಇಲ್ಲದವರ ಗುಡ್ಡಕ್ಕೆ ನಿಗಮ ಯಾರ ಹೆಸರಿಗೆ ಚೆಕ್ ಬರೆಯುತ್ತದೆ?