ಕಾಯುವ ದಿನಗಳಲ್ಲಿ ಕೈಗೊಂದು ಕೆಲಸ

ಚುನಾವಣೆ ಹತ್ತಿರ ಬಂದರೆ ನನಗೆ ನಿದ್ದೆ ಬರುವುದಿಲ್ಲ. ಹಾಗಂತ ಹೇಳಿದಾಗಲೆಲ್ಲ ಯಾರಾದರೊಬ್ಬರು "ನಿನಗ್ಯಾಕೆ ಅಷ್ಟು ಚಿಂತೆ? ಯಾರು ಬಂದರೂ ನಾವು ದುಡಿದು ತಿನ್ನೋದು ತಪ್ಪುತ್ತಾ?" ಅನ್ನುತ್ತಾರೆ. ಸಮಾಧಾನಕ್ಕೆ ಹೇಳುವ ಮಾತು, ಗೊತ್ತು. ಆದರೂ ನಾನು ಒಪ್ಪುವುದಿಲ್ಲ. ಬಸ್ ಹತ್ತಿದರೆ ನಾನು ಟಿಕೆಟ್‌ಗೆ ದುಡ್ಡು ಕೊಡಬೇಕೋ ಬೇಡವೋ ಎನ್ನುವುದು 2023ರ ಮೇ 10ರ ವಿಧಾನಸಭಾ ಚುನಾವಣೆಯಲ್ಲಿ ನಾವು ಒತ್ತಿದ ಗುಂಡಿಯಿಂದ ತೀರ್ಮಾನವಾಯಿತು. ಜೂನ್ 11ರಿಂದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ ಉಚಿತವಾಯಿತು. ಅದು ಸರಿಯೋ ತಪ್ಪೋ ಅಂತ ನಮ್ಮ ಮನೆಯಲ್ಲೇ ಜಗಳವಿದೆ. ಜಗಳ ಇರಲಿ. ಮತ ನಮ್ಮ ಅಡುಗೆಮನೆಯವರೆಗೂ ಬರುತ್ತದೆ ಅನ್ನೋದಂತೂ ನಿಜ. ಹಾಗಿರುವಾಗ ಎದೆ ಡವಡವ ಅನ್ನುವುದು ಕಾಯಿಲೆ ಅಲ್ಲ. ಈ ಊರು, ಈ ದೇಶ ನನ್ನದು ಅಂದುಕೊಂಡವರಿಗೆ ಅದು ಆಗಿಯೇ ಆಗುತ್ತದೆ.

ನಾನು ಹೇಳಬೇಕು ಅಂತಿರುವುದು ಆ ಡವಡವವನ್ನು ಏನು ಮಾಡಬೇಕು ಅನ್ನುವುದರ ಬಗ್ಗೆ.

2024ರ ಲೋಕಸಭಾ ಚುನಾವಣೆಯನ್ನು ನೆನಪು ಮಾಡಿಕೊಳ್ಳಿ. ಕರ್ನಾಟಕದಲ್ಲಿ ಎರಡು ಹಂತ. ಬೆಂಗಳೂರು, ಮೈಸೂರು, ಮಂಗಳೂರು ಕಡೆಯವರು ಏಪ್ರಿಲ್ 26ಕ್ಕೆ ಮತ ಹಾಕಿದರು. ನಾವು ಧಾರವಾಡದವರು ಮೇ 7ಕ್ಕೆ. ಎಣಿಕೆ ನಡೆದದ್ದು ಜೂನ್ 4ಕ್ಕೆ! ಬಟನ್ ಒತ್ತಿ ಬಂದ ಮೇಲೆ ನಾಲ್ಕು ವಾರ ಕಾಯಬೇಕು. ದಕ್ಷಿಣದವರಿಗೆ ಇನ್ನೂ ಜಾಸ್ತಿ. ಅದಕ್ಕೂ ಮೊದಲು ಏಪ್ರಿಲ್‌ನಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಒಬ್ಬ ಹುಡುಗಿಯ ಕೊಲೆಯಾಗಿತ್ತು. ಆರೋಪಿ ಮುಸ್ಲಿಂ ಹುಡುಗ. ಹೆತ್ತವರ ದುಃಖ ಆರುವ ಮೊದಲೇ ಅದು ಪ್ರಚಾರದ ಮಾತಾಯಿತು. ಅವಳಿ ನಗರದ ಗಾಳಿಯೇ ಬದಲಾಯಿತು. ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಒಂದು ಭಯ. ಮುಸ್ಲಿಂ ಗೆಳತಿಯರ ಮನೆಗಳಲ್ಲಿ ಇನ್ನೊಂದು ಭಯ. ಎರಡೂ ಭಯ ನಿಜವಾದವೇ.

ಆ ದಿನಗಳಲ್ಲಿ ನಾನು ಮಾಡುತ್ತಿದ್ದದ್ದು ಬಹುಶಃ ನೀವೂ ಮಾಡುತ್ತಿದ್ದದ್ದೇ. ಬೆಳಿಗ್ಗೆ ಕಣ್ಣು ಬಿಟ್ಟ ತಕ್ಷಣ ಫೋನ್. ಒಲೆ ಮೇಲೆ ಹಾಲಿಟ್ಟು ಫೋನ್. ರಾತ್ರಿ ಟಿವಿಯಲ್ಲಿ ನಾಲ್ಕು ಜನ ಒಟ್ಟಿಗೆ ಕೂಗುವುದನ್ನು ಕೇಳುವುದು. ಅಷ್ಟೆಲ್ಲ ನೋಡಿದರೂ ಒಂದು ಮತವೂ ಹೆಚ್ಚಾಗುವುದಿಲ್ಲ, ಒಂದು ಮತವೂ ಕಡಿಮೆಯಾಗುವುದಿಲ್ಲ. ಆದರೆ ನೋಡುತ್ತಾ ಕೂತವರಿಗೆ ತಾವೇನೋ ಮಾಡುತ್ತಿದ್ದೇವೆ ಅನ್ನಿಸುತ್ತದೆ. ಕಣ್ಣು ಕಿವಿ ದಣಿಯುತ್ತವೆ, ಕೈ ಸುಮ್ನೆ ಬಿದ್ದಿರುತ್ತದೆ. ಚಿಂತೆ ಬೆಳೆಯುವುದು ಆ ಸುಮ್ನೆ ಬಿದ್ದ ಕೈಯಿಂದಲೇ ಅಂತ ನನಗೆ ಬಲವಾಗಿ ಅನ್ನಿಸಿದೆ.

ಜೂನ್ 1ರ ಸಂಜೆ ಎಕ್ಸಿಟ್ ಪೋಲ್ ಬಂದವಲ್ಲ, ಹೆಚ್ಚಿನವು ಎನ್‌ಡಿಎಗೆ 350ಕ್ಕೂ ಮೇಲೆ ಕೊಟ್ಟವು. ಎಣಿಸಿದಾಗ ಬಂದದ್ದು 293. ಆ ಮೂರು ದಿನ ಕೆಲವರು ಪಟಾಕಿ ಹೊಡೆಯುವ ಸಂಭ್ರಮದಲ್ಲಿದ್ದರು. ಕೆಲವರು ಅನ್ನ ಬಿಟ್ಟು ಕೂತರು. ಎರಡೂ ಕಡೆಯವರು ಯಾರೋ ಮಾಡಿದ ಅಂದಾಜಿಗೆ ತಮ್ಮ ಮೂರು ದಿನದ ಬದುಕು ಕೊಟ್ಟರು. ನನಗೆ ಅದನ್ನು ನೆನೆದರೆ ಈಗಲೂ ಸಂಕಟ.

ಆ ಕಾಯುವ ವಾರಗಳಲ್ಲಿ ನನ್ನನ್ನು ಕಾಪಾಡಿದ್ದು ಕಸೂತಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಧಾರವಾಡ ಕಡೆಯ ಕಸೂತಿಯಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್‌ನಿಂದ ಚಿತ್ರ ಬರೆದುಕೊಳ್ಳುವುದಿಲ್ಲ. ಬಟ್ಟೆಯ ಎಳೆಗಳನ್ನು ಎಣಿಸುತ್ತಾ ಹೋಗಬೇಕು. ಗವಂತಿ, ಮುರ್ಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಒಂದು ಮನೆ ಬಿಟ್ಟು ಒಂದು ಮನೆ ಹಾಕುತ್ತಾ ಮುಂದೆ ಹೋಗುತ್ತದೆ. ಆಮೇಲೆ ಅದೇ ದಾರಿಯಲ್ಲಿ ಹಿಂದೆ ಬಂದು, ಬಿಟ್ಟ ಮನೆಗಳನ್ನು ತುಂಬುತ್ತದೆ. ಗಂಟು ಹಾಕುವಂತಿಲ್ಲ. ಹಿಂದೆ ತಿರುಗಿಸಿದರೂ ಮುಂದಿನ ಥರವೇ ಕಾಣಬೇಕು. ಒಂದು ಎಳೆ ಲೆಕ್ಕ ತಪ್ಪಿದರೆ ಗೋಪುರ ಸೊಟ್ಟ. ಬಿಚ್ಚಿ ಮತ್ತೆ ಹಾಕಬೇಕು. ಇಳಕಲ್ ಸೀರೆಯ ಕಪ್ಪು ಒಡಲಿನ ಮೇಲಂತೂ ಕಣ್ಣು ಕೀಲಿಸಿ ಕೂರಬೇಕು. ಕಲಿಯುವವರು ಮೊದಲು ಎಳೆ ಸುಲಭವಾಗಿ ಎಣಿಸಬಹುದಾದ ಮ್ಯಾಟಿ ಬಟ್ಟೆಯ ಮೇಲೆ ಕಲಿಯುತ್ತಾರೆ. ರೇಷ್ಮೆ ಆದರೆ ಮೇಲೆ ಕ್ಯಾನ್ವಾಸ್ ಕೂರಿಸಿ ಹಾಕಿ, ಆಮೇಲೆ ಕ್ಯಾನ್ವಾಸಿನ ಎಳೆ ಒಂದೊಂದಾಗಿ ಎಳೆದು ತೆಗೆಯುತ್ತಾರೆ.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಎಳೆ ಎಣಿಸುವಾಗ ಸೀಟು ಎಣಿಸಲು ಆಗುವುದಿಲ್ಲ. ನಿಜವಾಗಿ ಆಗುವುದಿಲ್ಲ. "ಅವರಿಗೆ ಎಷ್ಟು, ಇವರಿಗೆ ಎಷ್ಟು" ಅಂತ ಗಿರಕಿ ಹೊಡೆಯುವ ಮನಸ್ಸಿಗೆ ಇನ್ನೊಂದು ಲೆಕ್ಕ ಸಿಕ್ಕರೆ ಅದು ಅಲ್ಲಿ ಹೋಗಿ ಕೂರುತ್ತದೆ. ಸುಮ್ಮನಿರು ಅಂತ ಮನಸ್ಸಿಗೆ ಬೈದರೆ ಅದು ಕೇಳುವುದಿಲ್ಲ. ಕೆಲಸ ಕೊಟ್ಟರೆ ಕೇಳುತ್ತದೆ. ಎದ್ದೇಳುವಾಗ ಕೈಯಲ್ಲಿ ಒಂದು ತೇರೋ, ನವಿಲೋ ಇರುತ್ತದೆ. ಟಿವಿ ಮುಂದಿಂದ ಎದ್ದಾಗ ಏನಿರುತ್ತದೆ ಹೇಳಿ?

ನಮ್ಮ ಓಣಿಯ ಹೆಂಗಸರು ಒಂದಷ್ಟು ಜನ ಸಂಜೆ ಒಂದೆಡೆ ಕೂತು ಹಾಕುತ್ತೇವೆ. ಎಲ್ಲರೂ ಒಂದೇ ಪಕ್ಷದವರಲ್ಲ, ಒಂದೇ ಜಾತಿ ಧರ್ಮದವರೂ ಅಲ್ಲ. ಆ ಮೇ ತಿಂಗಳಲ್ಲಿ ಒಬ್ಬರು ಸೆರಗಿಗೆ ಕಮಲ ಹಾಕತೊಡಗಿದರು. ಇನ್ನೊಬ್ಬರು ಕಣ್ಣರಳಿಸಿ "ಅಕ್ಕಾ, ಈಗ ಇದನ್ನ ಹಾಕೋದು ಸರಿ ಏನ್ರಿ?" ಅಂದರು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಗ ನಮ್ಮೊಳಗಿನ ಹಿರಿಯರು "ಇದು ನಮ್ಮವ್ವನ ಸೆರಗಿನ್ಯಾಗೂ ಇತ್ತು, ಅಕಿ ಅವ್ವನ ಸೆರಗಿನ್ಯಾಗೂ ಇತ್ತು. ಹಂಗಂದ್ರ ಆನಿ ಹಾಕೂದೂ ಬಿಡಬೇಕಾಗ್ತದ, ಅದೂ ಒಂದು ಪಕ್ಷದ ಗುರುತು" ಅಂದರು. ಎಲ್ಲರೂ ಜೋರಾಗಿ ನಕ್ಕೆವು. ವಾಟ್ಸ್ಆ್ಯಪ್ ಗುಂಪಿನಲ್ಲಾಗಿದ್ದರೆ ಅದೇ ಮಾತಿಗೆ ಮೂವರು ಗುಂಪು ಬಿಟ್ಟು ಹೋಗುತ್ತಿದ್ದರು. ಎದುರುಬದುರು ಕೂತು, ಒಬ್ಬರ ದಾರ ಇನ್ನೊಬ್ಬರು ಪೋಣಿಸಿ ಕೊಡುವಾಗ ಹಾಗೆ ಎದ್ದು ಹೋಗಲು ಆಗುವುದಿಲ್ಲ. ನಾನು ಯಾರಿಗೆ ಮತ ಹಾಕಿದೆ ಅಂತ ಅಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

"ದೇಶ ಹತ್ತಿ ಉರಿಯುವಾಗ ನೀವು ಹೂ ಬಳ್ಳಿ ಹಾಕ್ತಾ ಕೂತಿದ್ದೀರಲ್ಲ" ಅಂತ ಒಬ್ಬ ಗೆಳೆಯ ಕೇಳಿದ. ಸಿಟ್ಟಿನಿಂದಲ್ಲ, ಬೇಸರದಿಂದ. ಅವನ ಮಾತು ನನ್ನನ್ನು ತುಂಬಾ ಕಾಡಿತು. ಆದರೂ ನನ್ನ ಉತ್ತರ ಇದು. ನಿದ್ದೆಗೆಟ್ಟು, ಸಿಟ್ಟು ತುಂಬಿಕೊಂಡು, ಎದುರಿಗೆ ಸಿಕ್ಕವರನ್ನೆಲ್ಲ ಶತ್ರುಗಳಂತೆ ನೋಡುವವರಿಂದ ಪ್ರಜಾಪ್ರಭುತ್ವಕ್ಕೆ ಏನು ಉಪಯೋಗ? ಹುಬ್ಬಳ್ಳಿಯ ಬೆಂಗೇರಿಗೆ ಒಮ್ಮೆ ಹೋಗಿ ನೋಡಿ. 1957ರಲ್ಲಿ ಶುರುವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ನಮ್ಮ ಖಾದಿ ರಾಷ್ಟ್ರಧ್ವಜ ತಯಾರಾಗುವುದು ಅಲ್ಲಿ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ನೂಲು, ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಿಂದ ಬರುತ್ತದೆ. ಬಟ್ಟೆಯ ಎಳೆ ಲೆಕ್ಕ, ಬಣ್ಣ, ಚಕ್ರದ ಅಳತೆ ಯಾವುದೂ ನಿಯಮ ತಪ್ಪುವಂತಿಲ್ಲ. ತಪ್ಪಿದರೆ ಬಾವುಟ ತಿರಸ್ಕಾರವಾಗುತ್ತದೆ. ಯಾವ ಪಕ್ಷ ಗೆದ್ದರೂ ಅದರ ಮಂತ್ರಿ ಹಾರಿಸುವ ಖಾದಿ ಬಾವುಟ ಅಂಥ ಹೆಣ್ಣುಮಕ್ಕಳು ಎಳೆ ಎಣಿಸಿ ಹೊಲಿದದ್ದು. ಅವರ ಕೆಲಸವನ್ನು ಯಾರಾದರೂ ಪಲಾಯನ ಅನ್ನುತ್ತಾರಾ?

ಕಸೂತಿಯೇ ಆಗಬೇಕು ಅಂತಿಲ್ಲ. ನನ್ನ ಅಣ್ಣನ ಮಗ ಚುಟುಕ ಬರೆಯುತ್ತಾನೆ. ಬರೆದದ್ದನ್ನು ಎಲ್ಲೂ ಹಾಕುವುದಿಲ್ಲ, ನೋಟ್‌ಬುಕ್ಕಿನಲ್ಲೇ ಇಡುತ್ತಾನೆ. ನಮ್ಮ ಕಡೆ ಗೀಗೀ ಪದ ಹಾಡುವವರಿದ್ದಾರೆ. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಅದೇ ದಪ್ಪು, ತುಂತುಣಿ ಹಿಡಿದು ಲಾವಣಿ ಹಾಡಿ ಊರೂರಿಗೆ ಸುದ್ದಿ ಮುಟ್ಟಿಸಿದವರು ಅವರ ಹಿಂದಿನವರು. ರಂಗೋಲಿ ಬಿಡಿ, ಮಣ್ಣಿನಲ್ಲಿ ಏನಾದರೂ ಮಾಡಿ, ಕೌದಿ ಹೊಲಿಯಿರಿ. ಆದರೆ ಒಂದು ಮಾತು. ರಾತ್ರಿ ಹನ್ನೊಂದಕ್ಕೆ ಕೂತು ಇನ್ನೊಬ್ಬರನ್ನು ಹೀಯಾಳಿಸುವ ಮೀಮ್ ಮಾಡುವುದನ್ನು ನಾನು ಇದಕ್ಕೆ ಸೇರಿಸುವುದಿಲ್ಲ. ಅದು ಮಾಡಿದವರ ಎದೆಯನ್ನೂ ತಣ್ಣಗಾಗಿಸುವುದಿಲ್ಲ.

ಈಗ ಮತದ ಮಾತು. ನನ್ನ ಪ್ರಕಾರ ಮತ ಹಾಕುವುದೂ ಒಂದು ಕೈಕೆಲಸವೇ. ಅದು ಒಂದು ದಿನದ್ದೂ ಅಲ್ಲ. ಬಹಳಷ್ಟು ಜನರ ಚಿಂತೆ ಹುಟ್ಟುವುದು ಕೊನೇ ವಾರದಲ್ಲಿ, ಅಷ್ಟರಲ್ಲಿ ಮಾಡಬಹುದಾದ ಕೆಲಸವೆಲ್ಲ ಮುಗಿದಿರುತ್ತದೆ. ಪಟ್ಟಿಯಲ್ಲಿ ಹೆಸರಿದೆಯಾ? ಮನೆ ಬದಲಿಸಿದ್ದೀರಾ? ಹಾಗಿದ್ದರೆ ನಮೂನೆ 8ರ ಅರ್ಜಿ ಕೊಡಿ. ಹೊಸದಾಗಿ ಸೇರಬೇಕಾ? ನಮೂನೆ 6. ಹದಿನೆಂಟು ತುಂಬಿದ ಮಕ್ಕಳಿಗೆ ಈಗ ವರ್ಷಕ್ಕೆ ನಾಲ್ಕು ದಿನಾಂಕ ಇವೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಖು. ಮೊದಲಿನ ಹಾಗೆ ಮುಂದಿನ ಜನವರಿವರೆಗೆ ಕಾಯಬೇಕಿಲ್ಲ. ನಮ್ಮ ಓಣಿಗೆ ಮದುವೆಯಾಗಿ ಬಂದ ಇಬ್ಬರು ಹುಡುಗಿಯರ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿತ್ತು. ಮನೆಯವರು ಯಾರೂ ಅದರ ಬಗ್ಗೆ ಯೋಚಿಸಿಯೇ ಇರಲಿಲ್ಲ. ಗಂಡಸರು ಮನೆ ಬಿಟ್ಟು ಹೋಗುವುದಿಲ್ಲ, ಅವರ ಹೆಸರು ಅಲ್ಲೇ ಇರುತ್ತದೆ. ಊರು ಬದಲಿಸುವವರು ಹೆಣ್ಣುಮಕ್ಕಳು, ಹೆಸರು ಕಳೆದುಕೊಳ್ಳುವವರೂ ಅವರೇ. ಇದು ನನಗೆ ಸಿಟ್ಟು ತರಿಸುವ ವಿಷಯ.

ನಮ್ಮ ಮಾವನವರಿಗೆ 85 ದಾಟಿತ್ತು, ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. 2024ರಲ್ಲಿ ಅಂಥವರಿಗೆ ಮನೆಯಲ್ಲೇ ಮತ ಹಾಕುವ ಅವಕಾಶ ಇತ್ತು. ಅಧಿಸೂಚನೆ ಬಂದ ಐದು ದಿನದೊಳಗೆ ನಮೂನೆ 12ಡಿ ಕೊಡಬೇಕು. ಕೊಟ್ಟೆವು. ಅಧಿಕಾರಿಗಳು, ಪೊಲೀಸರು, ವಿಡಿಯೊ ತೆಗೆಯುವವರು ಎಲ್ಲ ಮನೆಗೆ ಬಂದರು. ಮೇಜಿನ ಮೇಲೆ ರಟ್ಟಿನ ಮರೆ ಇಟ್ಟರು. ನನ್ನ ಗಂಡ ಸಹಾಯಕ್ಕೆ ಹೋದರೆ ಮಾವನವರು "ನೀ ಹೊರಗ ನಡಿ" ಅಂದರು. ದನಿ ಗಟ್ಟಿಯಾಗಿತ್ತು. ಮಗನಿಗೂ ತೋರಿಸದ ಮತ ಅದು. ಆಮೇಲೆ ಊಟಕ್ಕೆ ಕೂತವರು ಜೋಳದ ರೊಟ್ಟಿ ಕೇಳಿ ಹಾಕಿಸಿಕೊಂಡರು. ಅದಕ್ಕೂ ಮೊದಲಿನ ವಾರವೆಲ್ಲ ಊಟ ಸೇರಿರಲಿಲ್ಲ ಅವರಿಗೆ.

ಒಂದು ಮತದಿಂದ ಏನಾಗುತ್ತೆ ಅನ್ನುವವರಿಗೆ ನಮ್ಮ ರಾಜ್ಯದ್ದೇ ಎರಡು ಫಲಿತಾಂಶ ಇವೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದ ಅಂತರ 16 ಮತ, ಅದೂ ಮರುಎಣಿಕೆ ಆದ ಮೇಲೆ. ಆದರೆ ನನಗೆ ಸಮಾಧಾನ ಕೊಡುವುದು ಈ ಲೆಕ್ಕ ಅಲ್ಲ. ಎಲ್ಲ ಕಡೆ ಹೀಗಾಗುವುದಿಲ್ಲ, ಲಕ್ಷಗಟ್ಟಲೆ ಅಂತರದಲ್ಲಿ ಸೋತವರಿಗೆ ಹಾಕಿದ ಮತವೂ ಇರುತ್ತದೆ. ಆ ಮತವೂ ವ್ಯರ್ಥ ಅಂತ ನಾನು ಅಂದುಕೊಳ್ಳುವುದಿಲ್ಲ. ಇಷ್ಟು ಜನ ಬೇರೆ ಥರ ಯೋಚಿಸಿದರು ಅಂತ ಅದು ಲೆಕ್ಕದಲ್ಲಿ ಉಳಿಯುತ್ತದೆ. ನನ್ನ ಪಾಲಿನದ್ದನ್ನು ನಾನು ಮಾಡಿದೆ, ಉಳಿದದ್ದು ಕೋಟ್ಯಂತರ ಜನರ ಪಾಲಿನದ್ದು. ಈ ಎರಡರ ನಡುವಿನ ಗೆರೆ ಕಂಡ ದಿನ ಎದೆ ಸ್ವಲ್ಪ ಹಗುರಾಗುತ್ತದೆ.

ಇನ್ನೊಂದು ಮದ್ದೂ ಇದೆ. ಮತಗಟ್ಟೆಯ ಕೆಲಸ ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳುವುದು. ಬೆಳಿಗ್ಗೆ ಯಂತ್ರ ಸರಿ ಇದೆಯಾ ಅಂತ ನೋಡಲು ಪಕ್ಷದ ಏಜೆಂಟರ ಎದುರು ಅಣಕು ಮತದಾನ ಮಾಡುತ್ತಾರೆ. ಬಟನ್ ಒತ್ತಿದ ಮೇಲೆ ವಿವಿಪ್ಯಾಟ್ ಯಂತ್ರದ ಗಾಜಿನ ಹಿಂದೆ, ನೀವು ಯಾರಿಗೆ ಹಾಕಿದಿರಿ ಅಂತ ತೋರಿಸುವ ಚೀಟಿ 7 ಸೆಕೆಂಡ್ ಕಾಣುತ್ತದೆ, ಅವಸರ ಮಾಡದೆ ನೋಡಿ. ಮುಗಿಯುವ ಹೊತ್ತಿಗೆ ಎಷ್ಟು ಮತ ಬಿದ್ದವು ಅಂತ ನಮೂನೆ 17ಸಿಯಲ್ಲಿ ಬರೆದು ಏಜೆಂಟರಿಗೆ ಪ್ರತಿ ಕೊಡಬೇಕು. ಸಮಯ ಮುಗಿದರೂ ಸಾಲಿನಲ್ಲಿ ನಿಂತವರಿಗೆ ಮತ ಹಾಕುವ ಹಕ್ಕಿದೆ. ಅನುಮಾನ ಬಂದರೆ ಎಲ್ಲಿ, ಯಾರನ್ನು, ಏನು ಕೇಳಬೇಕು ಅಂತ ಗೊತ್ತಿರುವವರಿಗೆ ಬರೀ ಗಾಳಿಮಾತು ಕೇಳಿ ನಡುಕ ಹುಟ್ಟುವುದಿಲ್ಲ. ಬೆರಳಿಗೆ ಹಚ್ಚುವ ಶಾಯಿಯೂ ನಮ್ಮ ಮೈಸೂರಿನದ್ದೇ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶುರು ಮಾಡಿದ ಕಾರ್ಖಾನೆಯದು, 1962ರ ಚುನಾವಣೆಯಿಂದ ಇಡೀ ದೇಶಕ್ಕೆ ಹೋಗುತ್ತಿದೆ.

ಫಲಿತಾಂಶ ಬಂದ ಕೂಡಲೇ ಎಲ್ಲ ಮುಗಿಯುತ್ತದೆ ಅಂತಲೂ ಅಂದುಕೊಳ್ಳಬೇಡಿ. 2018ರ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ 104 ಸೀಟು ಬಂದರೂ ಬಹುಮತ ಸಿಗಲಿಲ್ಲ. ರೆಸಾರ್ಟ್, ರಾಜೀನಾಮೆ, 2019ರ ಜುಲೈನಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಬಿದ್ದದ್ದು, ಎಲ್ಲ ನೋಡಿದ್ದೇವೆ. ಅದಕ್ಕೇ ಸೂಜಿ ದಾರ ಚುನಾವಣೆಗೆ ಮಾತ್ರ ಅಲ್ಲ, ಆಮೇಲಕ್ಕೂ ಬೇಕು.

ನಮ್ಮ ಗುಂಪು ಶನಿವಾರ ಸಂಜೆ ಸೇರುತ್ತದೆ. ಧಾರವಾಡದಲ್ಲಿದ್ದು ಬರಬೇಕು ಅನ್ನಿಸಿದವರು ಇನ್‌ಬಾಕ್ಸ್‌ನಲ್ಲಿ ಹೇಳಿ, ವಿಳಾಸ ಕಳಿಸುತ್ತೇನೆ. ಗಂಡಸರೂ ಬರಬಹುದು. ಮ್ಯಾಟಿ ಬಟ್ಟೆ, ಸೂಜಿ, ದಾರ ನಮ್ಮಲ್ಲಿವೆ. ನಿಮ್ಮ ವೋಟರ್ ಐಡಿ ತನ್ನಿ, ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಅಲ್ಲೇ ಕೂತು ನೋಡೋಣ. ದೂರದವರು ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಕೇಳಬಹುದು. ಮನೆಗೆ ಹೊಸದಾಗಿ ಬಂದ ಸೊಸೆಯ ಹೆಸರನ್ನು ಮೊದಲು ನೋಡಿ.