ರೈಟಿಂಗ್ ಸೆಂಟರ್ ತಪ್ಪು ತಿದ್ದುವ ಅಂಗಡಿ ಅಲ್ಲ
ಅಮೆರಿಕಕ್ಕೆ ಎಂಎಸ್ ಓದಲು ಹೊರಟವರ ನಡುವೆ ಒಂದು ಮಾತು ಓಡಾಡುತ್ತಿದೆ: ಯೂನಿವರ್ಸಿಟಿಯ ರೈಟಿಂಗ್ ಸೆಂಟರ್‌ಗೆ ಪ್ರಬಂಧ ಕೊಟ್ಟರೆ ಗ್ರಾಮರ್ ತಿದ್ದಿ ಕೊಡ್ತಾರೆ, ಅಲ್ಲಿನ ಡೈರೆಕ್ಟರ್ ಅಂದ್ರೆ ದೊಡ್ಡ ಪ್ರೂಫ್ ರೀಡರ್. ತಪ್ಪು.

ಸಾಮಾನ್ಯವಾಗಿ ಅಲ್ಲಿ ಬರಹ ಕೊಟ್ಟು ಬರುವ ಪದ್ಧತಿಯೇ ಇಲ್ಲ. ಟ್ಯೂಟರ್ ಪಕ್ಕದಲ್ಲಿ ಕೂತು, ಇಲ್ಲಿ ನೀವು ಹೇಳಹೊರಟಿದ್ದು ಏನು ಅಂತ ಕೇಳುತ್ತಾರೆ, ಪೆನ್ನು ಮಾತ್ರ ನಿಮ್ಮ ಕೈಯಲ್ಲೇ. ಬರಹವನ್ನಲ್ಲ, ಬರೆಯುವವರನ್ನು ಬೆಳೆಸಬೇಕು ಅನ್ನುವುದನ್ನು ಈ ಕ್ಷೇತ್ರದ ವಿದ್ವಾಂಸ ಸ್ಟೀಫನ್ ನಾರ್ತ್ 1984ರಲ್ಲೇ ಬರೆದಿದ್ದರು.

ಡೈರೆಕ್ಟರ್ ಕೆಲಸವಂತೂ ಬೇರೆಯೇ. ಟ್ಯೂಟರ್‌ಗಳನ್ನು ಆರಿಸಬೇಕು, ಅವರಲ್ಲಿ ಬಹಳಷ್ಟು ಜನ ವಿದ್ಯಾರ್ಥಿಗಳೇ ಆದ್ದರಿಂದ ತರಬೇತಿ ಕೊಡಬೇಕು, ಬಜೆಟ್‌ಗಾಗಿ ಮೇಲಿನವರ ಹತ್ತಿರ ಗುದ್ದಾಡಬೇಕು, ಕೆಲವು ಕಡೆ ಪಾಠವನ್ನೂ ಮಾಡಬೇಕು. ಸುಮ್ನೆ ಕೂತು ಕಾಮಾ ಎಣಿಸುವ ಕುರ್ಚಿ ಅಲ್ಲ ಅದು.

ಡೈರೆಕ್ಟರ್ ಆಗೋಕೆ "ಇಂಗ್ಲಿಷ್ ಎಂಎ ಇದ್ದರೆ ಸಾಕು" ಅನ್ನುವುದೂ ಅರ್ಧ ಸತ್ಯ. ಕೆಲವು ಕಡೆ ಸಾಕು, ಆದರೆ ದೊಡ್ಡ ಯೂನಿವರ್ಸಿಟಿಗಳು ಜಾಸ್ತಿ ಕೇಳುವುದು ರೆಟೊರಿಕ್ ಮತ್ತು ಕಾಂಪೊಸಿಷನ್‌ನಲ್ಲಿ, ಅಂದರೆ ಬರವಣಿಗೆ ಮತ್ತು ಅದನ್ನು ಕಲಿಸುವುದರ ಅಧ್ಯಯನದಲ್ಲಿ, ಪಿಎಚ್‌ಡಿ. ಒಂದು ಕಡೆ ಇದು ಪ್ರೊಫೆಸರ್ ಹುದ್ದೆ, ಇನ್ನೊಂದು ಕಡೆ ಬರೀ ಆಡಳಿತ ಸಿಬ್ಬಂದಿ. ಹಲವರ ದಾರಿ ಶುರುವಾಗುವುದು ಓದುವಾಗಲೇ ಟ್ಯೂಟರ್ ಆಗಿ.

ಅಂದಹಾಗೆ ಎಪಿಎ ನಿಯಮಕ್ಕೆ, ಅಂದರೆ ಪ್ರಬಂಧದಲ್ಲಿ ಆಕರಗಳನ್ನು ನಮೂದಿಸುವ ಕ್ರಮಕ್ಕೆ, ನೀವೆಲ್ಲ ತೆರೆಯುವ ಪರ್ಡ್ಯೂ ಯೂನಿವರ್ಸಿಟಿಯ ವೆಬ್‌ಸೈಟ್ ಪರ್ಡ್ಯೂ ಔಲ್ (ಆನ್‌ಲೈನ್ ರೈಟಿಂಗ್ ಲ್ಯಾಬ್) ಇದೆಯಲ್ವಾ, ಅದು ಹುಟ್ಟಿದ್ದು ಮ್ಯೂರಿಯಲ್ ಹ್ಯಾರಿಸ್ 1976ರಲ್ಲಿ ಶುರು ಮಾಡಿದ ಇಂಥದ್ದೇ ಒಂದು ರೈಟಿಂಗ್ ಲ್ಯಾಬ್‌ನಲ್ಲಿ.